ಮೇಷ್ಟ್ರಿಲ್ಲದೆ ಕಲಿಯುವವರಿಗೆ ಹತ್ತನೇ ತರಗತಿಯ ಗಣಿತ ಪುಸ್ತಕ: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ

ದಾವಣಗೆರೆಯಲ್ಲಿ ಟ್ಯೂಷನ್ನಿಗೇನೂ ಬರವಿಲ್ಲ. ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಒಂದು ಸುತ್ತು ಹಾಕಿದರೆ ಸಾಕು, ಬೋರ್ಡುಗಳು ಕಾಣುತ್ತವೆ. ಆದರೆ ಅವು ಪರೀಕ್ಷೆ ಬರೆಯುವ ಮಕ್ಕಳಿಗೆ. ಅಂಗಡಿಯನ್ನೋ ಕಚೇರಿಯನ್ನೋ ನೋಡಿಕೊಂಡು ದಿನಕ್ಕೆ ಮುಕ್ಕಾಲು ಗಂಟೆ ಗಣಿತಕ್ಕೆ ಎತ್ತಿಡುವ ದೊಡ್ಡವರಿಗೆ ಬೇಕಾದದ್ದು ರಾಜ್ಯ ಪಠ್ಯದ ಹತ್ತನೇ ತರಗತಿ ಗಣಿತ ಪುಸ್ತಕ, ಕನ್ನಡ ಮಾಧ್ಯಮದ್ದು. ಇದು ಕೇಂದ್ರದ ಪಠ್ಯ ಸಂಸ್ಥೆ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಪಿಡಿಎಫ್ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಆದರೂ ಮುದ್ರಿತ ಪ್ರತಿಯನ್ನೇ ತಗೊಳ್ಳಿ. ಫೋನಿನ ಪರದೆಯ ಮೇಲೆ ಪರಿಹಾರವನ್ನು ಮುಚ್ಚಿಟ್ಟು ಲೆಕ್ಕ ಮಾಡಲು ಬರುವುದಿಲ್ಲ, ಈ ಪುಸ್ತಕ ಫಲ ಕೊಡುವುದು ಹಾಗೆ ಮುಚ್ಚಿಟ್ಟು ಮಾಡಿದಾಗಲೇ.

ಇದರ ಜೀವಾಳ ಬಿಡಿಸಿ ತೋರಿಸಿದ ಉದಾಹರಣೆಗಳು. ಬಹಳ ಜನ ಅವನ್ನು ಓದಿ, ತಲೆಯಾಡಿಸಿ, ಅಭ್ಯಾಸಕ್ಕೆ ಹೋಗಿ ಸಿಕ್ಕಿಬೀಳುತ್ತಾರೆ. ಪ್ರಶ್ನೆ ಓದಿದ ಕೂಡಲೇ ಪರಿಹಾರದ ಮೇಲೆ ಒಂದು ರಟ್ಟು ಇಡಿ. ಹತ್ತು ನಿಮಿಷ ಸ್ವಂತ ಪ್ರಯತ್ನ ಮಾಡಿ. ನಿಂತರೆ ಒಂದೇ ಒಂದು ಸಾಲು ರಟ್ಟು ಸರಿಸಿ, ಮತ್ತೆ ಮುಚ್ಚಿ. ಗೆರೆಯಿಲ್ಲದ ಲಾಂಗ್ ಬುಕ್ಕಿನಲ್ಲಿ ಪೆನ್ನಿನಿಂದಲೇ ಬರೆಯಿರಿ. ಪೆನ್ಸಿಲ್ ಹಿಡಿದರೆ ರಬ್ಬರೂ ಬರುತ್ತದೆ, ತಪ್ಪಾದ ಸಾಲೂ ಅಳಿಸಿಹೋಗುತ್ತದೆ. ಮರುದಿನ ನೋಡಬೇಕಾದದ್ದು ಆ ಸಾಲನ್ನೇ. ತಪ್ಪಿದ ಲೆಕ್ಕದ ಸಂಖ್ಯೆಯನ್ನು ಕೊನೆಯ ಪುಟದಲ್ಲಿ ಗುರುತು ಹಾಕಿಕೊಂಡು ಮೂರನೇ ದಿನ ಒಮ್ಮೆ, ಹತ್ತನೇ ದಿನ ಇನ್ನೊಮ್ಮೆ ಖಾಲಿ ಹಾಳೆಯಲ್ಲಿ ಮಾಡಿ.

ಪುಸ್ತಕದ ಮೊದಲ ದೋಷ ಅಧ್ಯಾಯಗಳ ಕ್ರಮ. ಎರಡು ಭಾಗದ ಕೆಲವು ಮುದ್ರಣಗಳು ಸಮಾಂತರ ಶ್ರೇಢಿಯಿಂದ (ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲು) ಶುರುವಾಗುತ್ತವೆ, ಅವುಗಳಲ್ಲಿ ವರ್ಗಸಮೀಕರಣ ಬರುವುದು ಎರಡನೇ ಭಾಗದಲ್ಲಿ. 24, 21, 18 ಹೀಗೆ ಹೋಗುವ ಶ್ರೇಢಿಯಲ್ಲಿ ಎಷ್ಟು ಪದ ಕೂಡಿದರೆ 78 ಆಗುತ್ತದೆ ಎಂದು ಕೇಳಿದರೆ, ಪದಗಳ ಸಂಖ್ಯೆ ಎನ್ ಎಂದು ಮೊತ್ತದ ಸೂತ್ರ ಹಾಕಿದ ಮೂರನೇ ಸಾಲಿಗೇ ಎನ್² − 17ಎನ್ + 52 = 0 ಎದುರಾಗುತ್ತದೆ. ಬಿಡಿಸಲು ಬಾರದವರು ಅಲ್ಲೇ ಪುಸ್ತಕ ಮಡಚುತ್ತಾರೆ. ಬಂದವರಿಗೆ 4 ಮತ್ತು 13 ಎಂಬ ಎರಡು ಉತ್ತರ ಸಿಗುತ್ತವೆ, ಎರಡೂ ಸರಿ: ಐದನೇ ಪದ 12ರಿಂದ ಹದಿಮೂರನೇ ಪದ −12ರವರೆಗೆ ಕೂಡಿ ನೋಡಿ, ಸೊನ್ನೆ. ಆದ್ದರಿಂದ ವಾಸ್ತವ ಸಂಖ್ಯೆಗಳು, ಬಹುಪದೋಕ್ತಿ, ಎರಡು ಚರಾಕ್ಷರಗಳ ಸಮೀಕರಣ, ವರ್ಗಸಮೀಕರಣ, ಆಮೇಲೆ ಶ್ರೇಢಿ ಎಂದು ಹೋಗಿ. ತ್ರಿಭುಜಗಳನ್ನು ಮುಗಿಸದೆ ತ್ರಿಕೋನಮಿತಿಗೆ ಕೈ ಹಾಕಬೇಡಿ.

ವರ್ಗಸಮೀಕರಣದಲ್ಲಿ ಎಡವುವ ಜಾಗ ಒಂದೇ. 300 ಚದರ ಮೀಟರ್ ಪ್ರಾರ್ಥನಾ ಮಂದಿರ, ಉದ್ದವು ಅಗಲದ ಎರಡರಷ್ಟಕ್ಕಿಂತ 1 ಮೀಟರ್ ಹೆಚ್ಚು. ಅಗಲ ಎಕ್ಸ್ ಆದರೆ 2ಎಕ್ಸ್² + ಎಕ್ಸ್ − 300 = 0. ಇಲ್ಲಿ 300ರ ಅಪವರ್ತನ ಹುಡುಕುತ್ತಾ ಕೂತರೆ ಸಂಜೆಯಾಗುತ್ತದೆ. ಮೊದಲ ಪದದ ಗುಣಾಂಕವನ್ನೂ ಸೇರಿಸಿ ಗುಣಿಸಬೇಕು: ಗುಣಲಬ್ಧ −600, ಮೊತ್ತ 1, ಅಂದರೆ 25 ಮತ್ತು −24. ಅಗಲ 12, ಉದ್ದ 25.

ಎರಡನೇ ದೋಷ ದೊಡ್ಡದು. 2022-23ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸುವಾಗ ವರ್ಗ ಪೂರ್ಣಗೊಳಿಸುವ ವಿಧಾನ, ಯೂಕ್ಲಿಡನ ಭಾಗಾಕಾರ, ಪೈಥಾಗೊರಸ್ ಪ್ರಮೇಯದ ಸಾಧನೆ ಇವನ್ನೆಲ್ಲ ಕೈಬಿಟ್ಟಿತು. ಪರೀಕ್ಷೆಗೆ ಓದುವ ಹುಡುಗರಿಗೆ ಇದು ಹಗುರ, ತಾನೇ ಕಲಿಯುವವರಿಗೆ ಕೈಗೆ ಬಂದ ತುತ್ತು ತಪ್ಪಿದ ಹಾಗೆ. ವರ್ಗ ಪೂರ್ಣಗೊಳಿಸಲು ಬಾರದಿದ್ದರೆ ವರ್ಗಸಮೀಕರಣದ ಸೂತ್ರ ಬರೀ ಬಾಯಿಪಾಠ. 2ಎಕ್ಸ್² − 5ಎಕ್ಸ್ + 3 = 0 ತಗೊಳ್ಳಿ. ಮೊದಲು 2ರಿಂದ ಭಾಗಿಸಬೇಕು (ಇದನ್ನು ಮರೆತೇ ಹೆಚ್ಚಿನವರು ಕೆಡುವುದು). ಮಧ್ಯದ 5/2ರ ಅರ್ಧ 5/4, ಅದರ ವರ್ಗ 25/16. ಎರಡೂ ಬದಿಗೆ ಕೂಡಿದರೆ (ಎಕ್ಸ್ − 5/4)² = 1/16. ಉತ್ತರ 3/2 ಮತ್ತು 1. ಇದೇ ಹಾದಿಯಲ್ಲಿ ಅಂಕಿಗಳ ಬದಲು ಅಕ್ಷರ ಇಟ್ಟರೆ ಸೂತ್ರ ತಾನಾಗಿ ಕೈಗೆ ಬರುತ್ತದೆ. ಹಳೇ ಪುಸ್ತಕದ ಅಂಗಡಿಯಲ್ಲಿ 2022ಕ್ಕಿಂತ ಹಿಂದಿನ ಮುದ್ರಣ ಕಂಡರೆ ಬಿಡಬೇಡಿ. ಕೊಳ್ಳುವ ಮುಂಚೆ ಕೊನೆಯ ಪುಟಗಳ ಉತ್ತರಗಳು ಹರಿದಿಲ್ಲವೇ ನೋಡಿ.

√2 ಅಭಾಗಲಬ್ಧ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ್ದು, ಎಂಬ ಸಾಧನೆ ಇಡೀ ಪುಸ್ತಕದಲ್ಲೇ ಚೆಂದದ ಭಾಗ. ಆದರೆ ಅವಿಭಾಜ್ಯ ಸಂಖ್ಯೆಯೊಂದು ವರ್ಗವನ್ನು ಭಾಗಿಸಿದರೆ ಮೂಲವನ್ನೂ ಭಾಗಿಸುತ್ತದೆ ಎಂಬ ಮಾತಿನಲ್ಲಿ ‘ಅವಿಭಾಜ್ಯ’ ಏಕೆ ಬೇಕು ಎಂದು ನಿಲ್ಲದೆ ದಾಟಿಬಿಡುತ್ತೇವೆ. 4 ಇಟ್ಟು ನೋಡಿ: 36ನ್ನು ಭಾಗಿಸುತ್ತದೆ, 6ನ್ನು ಭಾಗಿಸುವುದಿಲ್ಲ. ಪ್ರತಿ ಪ್ರಮೇಯದಲ್ಲೂ ಹೀಗೆ ಒಂದು ಷರತ್ತು ತೆಗೆದು ಏನು ಮುರಿಯುತ್ತದೆ ಎಂದು ನೋಡಬೇಕು. ಮೇಷ್ಟ್ರು ತರಗತಿಯಲ್ಲಿ ಕೇಳಬಹುದಾದ ಈ ಪ್ರಶ್ನೆಗಳನ್ನು ಪುಸ್ತಕ ಕೇಳುವುದಿಲ್ಲ.

ಎತ್ತರ ಮತ್ತು ದೂರ ಅಧ್ಯಾಯವನ್ನು ಮನೆಯೊಳಗೆ ಮುಗಿಸಬೇಡಿ. ಕೋನಮಾಪಕ, ದಾರ, ದಾರದ ತುದಿಗೆ ಒಂದು ನಟ್ಟು ಇಷ್ಟಿದ್ದರೆ ಬಡಾವಣೆಯ ನೀರಿನ ಟ್ಯಾಂಕನ್ನೋ, ಚಿತ್ರದುರ್ಗದ ಕೋಟೆಯೊಳಗಿನ ದೀಪಸ್ತಂಭವನ್ನೋ ಅಳೆಯಬಹುದು. ಉನ್ನತ ಕೋನ (ತುದಿಯನ್ನು ನೋಡುವ ನೋಟ ಕಣ್ಣಿನ ಸಮಮಟ್ಟದಿಂದ ಏರುವ ಕೋನ) 45° ಬರುವ ಕಡೆ ನಿಂತರೆ ದೂರವೇ ಎತ್ತರ, ಜೊತೆಗೆ ನೆಲದಿಂದ ಕಣ್ಣಿನ ಎತ್ತರ ಕೂಡಬೇಕು. 20 ಮೀಟರ್ ದೂರದಲ್ಲಿ ಕೋನ 1° ತಪ್ಪಿದರೆ ಎತ್ತರ ಸುಮಾರು 70 ಸೆಂಟಿಮೀಟರ್ ಹೆಚ್ಚುಕಡಿಮೆ.

ಸಂಖ್ಯಾಶಾಸ್ತ್ರ, ಸಂಭವನೀಯತೆ ಸಲೀಸು. ಗೈಡು, ಪಾಸಿಂಗ್ ಪ್ಯಾಕೇಜ್ ದುಡ್ಡು ದಂಡ: ಪರಿಹಾರ ಕಣ್ಣೆದುರೇ ಇದ್ದರೆ ರಟ್ಟು ಇಟ್ಟೂ ಪ್ರಯೋಜನವಿಲ್ಲ. ಮುಂದೆ ಪಿಯುಸಿ ಗಣಿತಕ್ಕೆ ಹೋಗುವ ಯೋಚನೆಯಿದ್ದರೆ ಇದೇ ಪುಸ್ತಕದ ಇಂಗ್ಲಿಷ್ ಪಿಡಿಎಫ್ ಪಕ್ಕದಲ್ಲಿರಲಿ.

ಐದಕ್ಕೆ ನಾಲ್ಕು ಕೊಡಬಹುದು. ಹಳೆಯ ಮುದ್ರಣವಾದರೆ ನಾಲ್ಕೂವರೆ. ಶುರು ಮಾಡುವ ಮುನ್ನ ಎರಡು ಲೆಕ್ಕ ಮಾಡಿ: 3/4 − 5/6 ಎಷ್ಟು? 2(ಎಕ್ಸ್ − 3) − 3(ಎಕ್ಸ್ − 5) = 4 ಆದರೆ ಎಕ್ಸ್ ಎಷ್ಟು? ಉತ್ತರ −1/12 ಮತ್ತು 5. ಎರಡನೆಯದಕ್ಕೆ −25 ಬಂದಿದ್ದರೆ ಆವರಣ ಬಿಡಿಸುವಾಗ −3 ಮತ್ತು −5ರ ಗುಣಲಬ್ಧಕ್ಕೆ ಚಿಹ್ನೆ ತಪ್ಪಿದೆ. ಅಂಥವರು ಎಂಟನೇ ತರಗತಿಯ ಪುಸ್ತಕದಲ್ಲಿ ಒಂದು ತಿಂಗಳು ಕಳೆದು ಇದಕ್ಕೆ ಬರುವುದು ಒಳ್ಳೆಯದು.