ಕರಾಟೆಗೆ ವರ್ಷದ ಫೀಸು ಕಟ್ಟಿ ಜೂಡೋಗೆ ಹೋದವನ ಲೆಕ್ಕ

ಗುದ್ದುವ, ಒದೆಯುವ ಕರಾಟೆಯೋ, ಹಿಡಿದು ಎಸೆಯುವ ಜೂಡೋವೋ ಅಂತ ಕೇಳಿದರೆ, ಮೊದಲೇ ಹೇಳಿಬಿಡುತ್ತೇನೆ, ನಾನು ಜೂಡೋ ಪಕ್ಷ. ಹಾಗಂತ ಶುರು ಮಾಡಿದ್ದು ಜೂಡೋದಿಂದ ಅಲ್ಲ. ಬದಿಯಡ್ಕ ಪೇಟೆಯಲ್ಲಿ ಕರಾಟೆ ಕ್ಲಾಸಿಗೆ ಇಡೀ ವರ್ಷದ ಫೀಸು ಒಟ್ಟಿಗೆ ಕಟ್ಟಿ, ಐದನೇ ತಿಂಗಳಿಗೆ ಬಿಟ್ಟೆ. ಈಗ ವಾರಕ್ಕೆ ಮೂರು ಸಂಜೆ ಬಸ್ಸು ಹತ್ತಿ ಕಾಸರಗೋಡಿಗೆ ಜೂಡೋ ಕಲಿಯಲು ಹೋಗುತ್ತೇನೆ. ವಯಸ್ಸು 37, ತೂಕ 71 ಕಿಲೋ, ಬಲಗಾಲಿನ ಮೊಣಗಂಟು ಮಳೆಗಾಲದಲ್ಲಿ ಸ್ವಲ್ಪ ಮಾತಾಡುತ್ತದೆ. ಇದು ನನ್ನಂಥವರಿಗೆ ಬರೆದದ್ದು. ಮಕ್ಕಳನ್ನು ಚಾಂಪಿಯನ್ ಮಾಡಬೇಕು ಅನ್ನುವವರು ಬೇರೆ ಕಡೆ ವಿಚಾರಿಸುವುದು ಒಳ್ಳೆಯದು.

ಕರಾಟೆಗೆ ಸೇರಿದ್ದಕ್ಕೆ ದೊಡ್ಡ ಕಾರಣ ಏನೂ ಇಲ್ಲ. ಹತ್ತಿರ ಇತ್ತು, ಅಷ್ಟೆ. ನಮ್ಮ ಕಡೆ ಬದಿಯಡ್ಕ, ಕುಂಬಳೆ, ಉಪ್ಪಳ, ಯಾವ ಪೇಟೆಗೆ ಹೋದರೂ ಕರೆಂಟು ಕಂಬದ ಮೇಲೆ ಒಂದು ಕರಾಟೆ ಬೋರ್ಡು ಕಾಣುತ್ತದೆ. ಜೂಡೋ ಬೋರ್ಡು ನಾನು ನೋಡಿಯೇ ಇರಲಿಲ್ಲ. ರವೀಂದ್ರನಾಥ ಠಾಕೂರರು 1929ರಲ್ಲೇ ತಕಗಾಕಿ ಎಂಬ ಜೂಡೋ ಮಾಷ್ಟ್ರನ್ನು ಜಪಾನಿನಿಂದ ಶಾಂತಿನಿಕೇತನಕ್ಕೆ ಕರೆಸಿದ್ದರಂತೆ. ಆದರೂ ಅದು ಊರೂರಿಗೆ ಹಬ್ಬಲಿಲ್ಲ ಯಾಕೆ ಅಂತ ಈಗ ನನಗೆ ಅರ್ಥ ಆಗುತ್ತದೆ. ಕರಾಟೆಗೆ ಒಂದು ಸಿಮೆಂಟು ನೆಲ ಸಾಕು. ಜೂಡೋಗೆ ದಪ್ಪ ಮ್ಯಾಟು ಬೇಕು, ಮ್ಯಾಟಿಗೆ ದುಡ್ಡು ಬೇಕು, ಮಳೆ ಸೋರದ ಮಾಡು ಬೇಕು.

ನಮ್ಮ ಕರಾಟೆ ಕ್ಲಾಸು ಒಂದು ಅಂಗಡಿಯ ಮಹಡಿಯಲ್ಲಿ ನಡೆಯುತ್ತಿತ್ತು. ಇಪ್ಪತ್ತೈದು ಮಕ್ಕಳು, ಕೊನೆಯ ಸಾಲಿನಲ್ಲಿ ನಾನು. ನನ್ನ ಪಕ್ಕದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ, ನನ್ನನ್ನು ಮೊದಲ ದಿನವೇ "ಅಂಕಲ್" ಅಂದವನು. ಮಾಷ್ಟ್ರು ಒಳ್ಳೆಯವರು, ಕಲಿಸುವುದರಲ್ಲಿ ಮೋಸ ಇಲ್ಲ. ಇಚಿ, ನಿ, ಸಾನ್, ಶಿ ಅಂತ ಎಣಿಸುತ್ತಾ ಗಾಳಿಗೆ ಗುದ್ದು. ಮತ್ತೆ ಕೀಬಾ ದಾಚಿ, ಅಂದರೆ ಕುದುರೆ ಮೇಲೆ ಕೂತ ಹಾಗೆ ಮಂಡಿ ಮಡಚಿ ನಿಲ್ಲುವುದು. ಮೊದಲ ವಾರ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಇಳಿದಿದ್ದೇನೆ.

ಕತಾ, ಅಂದರೆ ಒಂದರ ಹಿಂದೆ ಒಂದು ಗೊತ್ತುಮಾಡಿದ ಚಲನೆಗಳ ಸಾಲು, ಮಾತ್ರ ನನಗೆ ಬೇಗ ಬಂತು. ಸಣ್ಣವನಿದ್ದಾಗ ಎರಡು ವರ್ಷ ತೆಂಕುತಿಟ್ಟು ಯಕ್ಷಗಾನದ ಹೆಜ್ಜೆ ಕಲಿತಿದ್ದೆ. ಹೇಯಾನ್ ಶೋದಾನ್ ಎಂಬ ಮೊದಲ ಕತಾದಲ್ಲಿ 21 ಚಲನೆ. ಎಡಕ್ಕೆ ತಿರುಗಿ, ತಡೆದು, ಗುದ್ದಿ, ಸುತ್ತಿ ಬಂದು ಕೊನೆಗೆ ನಿಂತ ಜಾಗಕ್ಕೇ ಮುಟ್ಟಬೇಕು. ನಾನು ಒಂದು ವಾರದಲ್ಲಿ ಕಲಿತೆ. ಅಂಗಳದಲ್ಲಿ ಮಾಡುವಾಗ ಅಮ್ಮ ಜಗಲಿಯಲ್ಲಿ ಕೂತು ನೋಡಿ, "ಚೆಂದ ಉಂಟು, ಮದ್ದಳೆ ಒಂದು ಇಲ್ಲ ನೋಡು" ಅಂದರು.

ತೊಂದರೆ ಇದ್ದದ್ದೂ ಅಲ್ಲೇ. ನಾಲ್ಕೂವರೆ ತಿಂಗಳಲ್ಲಿ ನನ್ನ ಕೈ ಇನ್ನೊಬ್ಬರ ಮೈಗೆ ತಾಗಲಿಲ್ಲ. ಎದುರಾಳಿ ಇಲ್ಲ, ಗಾಳಿ ಮಾತ್ರ. ಜೋಡಿಯಾಗಿ ಆಡುವ ಕುಮಿತೆ ಯಾವಾಗ ಅಂತ ಕೇಳಿದರೆ, ಮೇಲಿನ ಬೆಲ್ಟು ಆಗಲಿ ಅಂದರು. ಬೆಲ್ಟು ಪರೀಕ್ಷೆಗೆ 700 ರೂಪಾಯಿ ಬೇರೆ. ಮೂರನೇ ತಿಂಗಳಲ್ಲಿ ಕಟ್ಟಿದೆ, ಹಳದಿ ಬೆಲ್ಟು ಸಿಕ್ಕಿತು. ಆ ದಿನ ಬಂದವರು ಎಲ್ಲರೂ ಪಾಸು. ನಿಂತಲ್ಲೇ ಅಳಲು ಶುರು ಮಾಡಿದ ಆರು ವರ್ಷದ ಪುಟ್ಟನೂ ಪಾಸು. ಎಲ್ಲ ಕರಾಟೆ ಕ್ಲಾಸೂ ಹೀಗೆ ಅಂತ ನಾನು ಹೇಳುವುದಿಲ್ಲ. ನನಗೆ ಸಿಕ್ಕಿದ್ದು ಹೀಗೆ. ತಿಂಗಳಿಗೆ 600 ಕಟ್ಟುವ ಬದಲು ವರ್ಷಕ್ಕೆ 6,000 ಕಟ್ಟಿದರೆ 1,200 ಉಳಿಯುತ್ತದೆ ಅಂತ ಕಟ್ಟಿದ್ದೆ. ಬಿಟ್ಟ ಮೇಲೆ ಉಳಿದದ್ದನ್ನು ವಾಪಸ್ ಕೊಡಲಿಲ್ಲ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ.

ಬೆಲ್ಟಿನ ವಿಷಯ ಬಂದದ್ದರಿಂದ ಒಂದು ಮಾತು. ಈ ಬ್ಲ್ಯಾಕ್ ಬೆಲ್ಟ್ ಎನ್ನುವುದು ಕರಾಟೆಯ ಸ್ವಂತ ಆಸ್ತಿ ಅಂತ ನಾನು ನಂಬಿದ್ದೆ. ಅಲ್ಲ. ಜೂಡೋ ಹುಟ್ಟುಹಾಕಿದ ಕಾನೋ ಜಿಗೋರೋ ಮಾಡಿದ ಪದ್ಧತಿ ಅದು. ಓಕಿನಾವಾದಿಂದ ಟೋಕಿಯೋಗೆ ಕರಾಟೆ ತಂದ ಫುನಾಕೋಶಿ ಅದನ್ನು ನೋಡಿ 1924ರಲ್ಲಿ ತನ್ನ ಶಿಷ್ಯರಿಗೂ ಕೊಟ್ಟರು. ನನ್ನ ಹಳದಿ ಬೆಲ್ಟು ಜೂಡೋದಲ್ಲಿ ಮತ್ತೆ ಬಿಳಿ ಆಯಿತು. ಒಂದು ವರ್ಷ ಆದರೂ ಇನ್ನೂ ಬಿಳಿಯೇ.

ಜೂಡೋದಲ್ಲಿ ಮೊದಲ ತಿಂಗಳು ಯಾರೂ ಯಾರನ್ನೂ ಎತ್ತಿ ಹಾಕುವುದಿಲ್ಲ. ಬೀಳುವುದನ್ನು ಕಲಿಸುತ್ತಾರೆ. ಉಕೆಮಿ ಅಂತ ಹೆಸರು. ನಮ್ಮ ಮಾಷ್ಟ್ರು ಮಲಯಾಳದಲ್ಲಿ ಕೂಗುತ್ತಾರೆ: "ಬೆಲ್ಟ್ ನೋಕ್ಕ್! ಬೆಲ್ಟ್ ನೋಕ್ಕ್!" ಹಿಂದಕ್ಕೆ ಬೀಳುವಾಗ ಸ್ವಂತ ಬೆಲ್ಟಿನ ಗಂಟನ್ನು ನೋಡಬೇಕು. ಗಂಟು ನೋಡಿದರೆ ಗದ್ದ ಎದೆಗೆ ಬರುತ್ತದೆ. ಗದ್ದ ಎದೆಗೆ ಬಂದರೆ ತಲೆ ನೆಲಕ್ಕೆ ಬಡಿಯುವುದಿಲ್ಲ. ಕೈಗಳನ್ನು ಮೈಯಿಂದ ಸ್ವಲ್ಪ ಓರೆಯಾಗಿ ಚಾಚಿ, ಅಂಗೈ ಕೆಳಗೆ ಮಾಡಿ, ಬೆನ್ನು ತಾಗುವ ಹೊತ್ತಿಗೇ ಮ್ಯಾಟಿಗೆ ಚಟಾರನೆ ಬಡಿಯಬೇಕು. ಬಿದ್ದ ಪೆಟ್ಟು ಆ ಕೈಗಳಿಗೂ ಹಂಚಿ ಹೋಗುತ್ತದೆ. ಮೊಣಕೈ ಊರಿದಿರೋ, ಕತೆ ಮುಗಿಯಿತು. ಒಂದು ಸಂಜೆಗೆ ಎಂಬತ್ತು ಸಲ ಬಿದ್ದಿದ್ದೇನೆ, ಎಣಿಸಿ.

ಇಷ್ಟು ಬಿದ್ದದ್ದಕ್ಕೆ ಫಲ ಸಿಕ್ಕಿದ್ದು ಮ್ಯಾಟಿನ ಮೇಲೆ ಅಲ್ಲ. ಹೋದ ವರ್ಷ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ತೋಟಕ್ಕೆ ಇಳಿಯುವ ಮುರಕಲ್ಲಿನ ಮೆಟ್ಟಿಲಲ್ಲಿ ಪಾಚಿಗೆ ಕಾಲು ಜಾರಿತು. ಕೈಯಲ್ಲಿ ಅಡಿಕೆ ಹಾಳೆಯ ಕಟ್ಟು ಇತ್ತು. ಅದು ಎತ್ತ ಹೋಯಿತೋ ಗೊತ್ತಿಲ್ಲ, ನನಗೆ ಗೊತ್ತಾದದ್ದು ನಾನು ಹೊಟ್ಟೆಯ ಕಡೆ ನೋಡುತ್ತಿದ್ದೇನೆ ಮತ್ತು ಎಡಗೈ ಉರಿಯುತ್ತಿದೆ ಅಂತ. ಅಂಗೈ ತರಚಿತು, ಬೆನ್ನಿಗೆ ಸಮಾ ನೋವಾಯಿತು, ತಲೆಗೆ ಏನೂ ಆಗಲಿಲ್ಲ. ಅದೇ ಮೆಟ್ಟಿಲಲ್ಲಿ ನನ್ನ ಸೋದರಮಾವ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ನನ್ನ ಮೇಲೆ ಕೈ ಎತ್ತಿದವರು ಈ 37 ವರ್ಷದಲ್ಲಿ ಶಾಲೆಯ ಮಾಷ್ಟ್ರು ಬಿಟ್ಟರೆ ಯಾರೂ ಇಲ್ಲ. ಪಾಚಿ ಮಾತ್ರ ಪ್ರತಿ ವರ್ಷ ಬರುತ್ತದೆ.

ಇನ್ನು ಎಸೆಯುವುದು. ಹಠ ಹಿಡಿದ ದನವನ್ನು ಕೊಟ್ಟಿಗೆಗೆ ಸೇರಿಸಿದವರಿಗೆ ಜೂಡೋದ ಅರ್ಧ ಪಾಠ ಮೊದಲೇ ಗೊತ್ತು. ಹಗ್ಗ ಮುಂದಕ್ಕೆ ಎಳೆದರೆ ಅದು ಹಿಂದಕ್ಕೆ ಜಗ್ಗುತ್ತದೆ. ಜೂಡೋದಲ್ಲಿ ಆ ಜಗ್ಗುವಿಕೆಗೇ ಕಾಯುವುದು. ಎದುರಿನವನ ಕಾಲರ್ ಹಿಡಿದು ಸುಮ್ನೆ ಎಳೆಯಿರಿ, ಅವನು ಹಿಂದಕ್ಕೆ ವಾಲುತ್ತಾನೆ, ಆಗ ಹಿಂದಕ್ಕೇ ತಳ್ಳಿ ಅವನ ಕಾಲನ್ನು ಗುಡಿಸಿಬಿಡಿ. ಈ ಎಸೆತದ ಹೆಸರು ಓಸೋಟೋ ಗಾರಿ. ಸಮತೋಲ ತಪ್ಪಿಸುವ ಆ ಕ್ಷಣಕ್ಕೆ ಕುಜುಶಿ ಅನ್ನುತ್ತಾರೆ. ನನಗಿಂತ ಹದಿನೈದು ಕಿಲೋ ಜಾಸ್ತಿ ಇರುವ ಕಾಲೇಜು ಹುಡುಗನನ್ನು ಮೂರನೇ ತಿಂಗಳಲ್ಲಿ ಮೊದಲ ಸಲ ಹೀಗೆ ಬೀಳಿಸಿದಾಗ ಅವನಿಗಿಂತ ನಾನೇ ಬೆಚ್ಚಿಬಿದ್ದೆ.

ಈಗ ಜೂಡೋದ ದೊಡ್ಡ ಪೀಡೆಗೆ ಬರುತ್ತೇನೆ. ಬಟ್ಟೆ.

ಮೊದಲ ತಪ್ಪು, ಕರಾಟೆಯ ಬಿಳಿ ಬಟ್ಟೆಯಲ್ಲೇ ಜೂಡೋಗೆ ಹೋದದ್ದು. 950 ಕೊಟ್ಟು ತೆಗೆದದ್ದು, ಹೊಸದೇ ಇತ್ತು, ಎರಡೂ ಬಿಳಿ ಅಲ್ವಾ ಅಂದುಕೊಂಡೆ. ಬೀಳುವುದು ಮಾತ್ರ ಇದ್ದಾಗ ತೊಂದರೆ ಆಗಲಿಲ್ಲ. ಮೊದಲ ಸಲ ಒಬ್ಬ ತೋಳು ಹಿಡಿದು ಎಳೆದ ನೋಡಿ, ಕಂಕುಳಿನಿಂದ ಸೊಂಟದವರೆಗೆ ಪರ್ರನೆ ಹರಿಯಿತು. ಹಾಲ್‌ನಲ್ಲಿದ್ದವರೆಲ್ಲ ನಿಂತು ನೋಡಿದರು. ಕರಾಟೆ ಬಟ್ಟೆ ತೆಳ್ಳಗೆ ಇರುವುದು ಕೈಕಾಲು ಚುರುಕಾಗಿ ಆಡಲಿ ಅಂತ. ಜೂಡೋ ಬಟ್ಟೆ ಇರುವುದೇ ಇನ್ನೊಬ್ಬ ಹಿಡಿದು ಜಗ್ಗಲಿ ಅಂತ. ಅಕ್ಕಿಕಾಳು ಪೋಣಿಸಿದ ಹಾಗೆ ಕಾಣುವ ದಪ್ಪ ನೇಯ್ಗೆ, ಕಾಲರ್ ಅಂತೂ ಹಗ್ಗದ ಹಾಗೆ.

ಎರಡನೇ ತಪ್ಪು, ಹರಿದ ಸಿಟ್ಟಿಗೆ ಎಲ್ಲಕ್ಕಿಂತ ದಪ್ಪದ್ದನ್ನೇ ಆನ್‌ಲೈನಿನಲ್ಲಿ ತರಿಸಿದ್ದು. ಡಬಲ್ ವೀವ್, 2,800 ರೂಪಾಯಿ. ಬಂದದ್ದು ಜೂನ್ ಕೊನೆಗೆ. ನಮ್ಮ ಊರಿನ ಜೂನ್ ಹೇಗೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕುತೂಹಲಕ್ಕೆ ಅಡಿಕೆ ತೂಗುವ ತಕ್ಕಡಿಗೆ ಹಾಕಿ ನೋಡಿದೆ: ಒಣಗಿದ್ದು ಎರಡು ಕಿಲೋ ಚಿಲ್ಲರೆ, ಒಗೆದು ಕೈಯಲ್ಲಿ ಹಿಂಡಿದ್ದು ಐದು ಕಿಲೋ ಹತ್ತಿರ. ಸೋಮವಾರ ರಾತ್ರಿ ಒಗೆದರೆ ಬುಧವಾರ ಸಂಜೆಗೂ ಕಾಲರ್ ಹಸಿ. ಶುಕ್ರವಾರ ಮುಗ್ಗಲು ವಾಸನೆ. ಮುಂದಿನ ವಾರ ಬೆನ್ನಿನ ಮೇಲೆ ಕರಿ ಚುಕ್ಕೆ, ಬೂಷ್ಟು.

ಒಣಗಿಸಲು ನಾನು ಮಾಡದ ಉಪಾಯ ಇಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ನೇತು ಹಾಕಿದೆ. ಒಣಗಿತು, ಆದರೆ ತೆಂಗಿನ ಸಿಪ್ಪೆಯ ಹೊಗೆಯೆಲ್ಲ ಅದರಲ್ಲೇ. ಮ್ಯಾಟಿನ ಮೇಲೆ ನನ್ನನ್ನು ಅದುಮಿ ಹಿಡಿದ ಹುಡುಗ ಮೂಗು ಮುಚ್ಚಿಕೊಂಡು, "ಅಣ್ಣ, ಒಣಮೀನಿನ ಅಂಗಡಿಯಿಂದ ಸೀದಾ ಬಂದದ್ದಾ?" ಅಂತ ಕೇಳಿದ. ಆಮೇಲೆ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಒಳಗೆ ಹಾಕಿದೆ. ಅಲ್ಲಿ ಬಿಸಿ ಏನೋ ಇತ್ತು, ಜೊತೆಗೆ ಕಂದು ಕಲೆಯೂ ಬಂತು. ಅಡಿಕೆ ಕಲೆ ಹೋಗುವ ಕಲೆ ಅಲ್ಲ. ಬಿಸಿನೀರಿನಲ್ಲಿ ನೆನೆಸಿ ನೋಡಿದೆ, ಕಲೆ ಹಾಗೇ ಉಳಿದು ತೋಳು ನಾಲ್ಕು ಬೆರಳು ಕುಗ್ಗಿತು.

ಕೊನೆಗೆ ದಾರಿ ಕಂಡದ್ದು ಹೀಗೆ. ಮಳೆಗಾಲಕ್ಕೆ ಅಂತಲೇ 1,600 ಕೊಟ್ಟು ತೆಳ್ಳಗಿನ ಸಿಂಗಲ್ ವೀವ್ ಒಂದು ತೆಗೆದೆ. ಕ್ಲಾಸಿನಿಂದ ಬಂದ ಕೂಡಲೇ ತಣ್ಣೀರಿನಲ್ಲಿ ಒಗೆದು, ವಾಷಿಂಗ್ ಮೆಷಿನಿನಲ್ಲಿ ಎರಡು ಸಲ ತಿರುಗಿಸಿ, ಎರಡೂ ತೋಳಿನ ಒಳಗೆ ಒಂದು ಬಿದಿರಿನ ಗಳ ತೂರಿಸಿ, ಚಾವಡಿಯಲ್ಲಿ ಫ್ಯಾನಿನ ಕೆಳಗೆ ನಿಲ್ಲಿಸುವುದು. ಕಾಲರನ್ನು ಬಿಡಿಸಿ ಇಡಬೇಕು, ಮಡಚಿದ ಜಾಗದಲ್ಲೇ ನೀರು ಕೂರುವುದು. ಬೆಳಿಗ್ಗೆಗೆ ಮುಕ್ಕಾಲು ಒಣಗಿರುತ್ತದೆ. ಅಮ್ಮ ಒಮ್ಮೆ ರಾತ್ರಿ ಎದ್ದವರು ಅದನ್ನು ನೋಡಿ ಕಿರುಚಿದ್ದರು. ಕತ್ತಲಲ್ಲಿ ಕೈ ಚಾಚಿ ನಿಂತ ತಲೆ ಇಲ್ಲದ ಬಿಳಿ ಮನುಷ್ಯ, ಮೇಲಿಂದ ಫ್ಯಾನಿನ ಗಾಳಿಗೆ ಅಲ್ಲಾಡುವುದು ಬೇರೆ.

ಕರಾಟೆ ಬಟ್ಟೆ? ರಾತ್ರಿ ಒಗೆದರೆ ಬೆಳಿಗ್ಗೆ ರೆಡಿ. ಈ ಒಂದು ವಿಷಯದಲ್ಲಿ ಕರಾಟೆಗೆ ನೂರಕ್ಕೆ ನೂರು.

ಉಳಿದದ್ದು ಬೇಗ ಹೇಳುತ್ತೇನೆ. ಒಬ್ಬನೇ ಅಭ್ಯಾಸ ಮಾಡಲು ಕರಾಟೆ ಒಳ್ಳೆಯದು, ಜೂಡೋಗೆ ಜೊತೆಗಾರ ಬೇಕೇ ಬೇಕು. ಮಳೆ ಜೋರಾದ ದಿನ ಇಬ್ಬರೇ ಬಂದರೆ ಇಡೀ ಸಂಜೆ ಎದುರಿಗೆ ಅದೇ ಒಬ್ಬ. ಉಗುರು ಕತ್ತರಿಸದೆ ಜೂಡೋಗೆ ಹೋಗಬೇಡಿ. ಪೆಟ್ಟಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ: ಕರಾಟೆಯಲ್ಲಿ ನನಗೆ ಏನೂ ಆಗಲಿಲ್ಲ, ಜೂಡೋದಲ್ಲಿ ಒಮ್ಮೆ ಪಕ್ಕೆಲುಬು ನೋವಾಗಿ ಮೂರು ವಾರ ಸೀನಲೂ ಹೆದರಿದ್ದೆ. ಬೆನ್ನಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೋಗಬಾರದು. ಜಾಗ ಚಿಕ್ಕದು ಅಂತ ಗೊಣಗುವವರಿಗೆ, ಕಾನೋ 1882ರಲ್ಲಿ ಒಂದು ದೇವಸ್ಥಾನದ ಕೋಣೆಯಲ್ಲಿ ಶುರು ಮಾಡಿದ್ದು 12 ಚಾಪೆಯ ಜಾಗದಲ್ಲಿ. ನಮ್ಮಲ್ಲಿ ಅದಕ್ಕಿಂತ ಜಾಸ್ತಿಯೇ ಉಂಟು. ಇನ್ನು ಒಲಿಂಪಿಕ್ಸ್: ಜೂಡೋ 1964ರ ಟೋಕಿಯೋದಲ್ಲೇ ಬಂತು. ಕರಾಟೆಗೆ ಟೋಕಿಯೋ 2020ರಲ್ಲಿ ಮಾತ್ರ ಅವಕಾಶ ಸಿಕ್ಕಿತು, ಪ್ಯಾರಿಸ್ಸಿನಲ್ಲಿ ತೆಗೆದುಬಿಟ್ಟರು. ನನಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ.

ದುಡ್ಡಿನ ಲೆಕ್ಕದಲ್ಲಿ ಜೂಡೋ ಸೋಲುತ್ತದೆ. ಫೀಸು ತಿಂಗಳಿಗೆ 800, ಬಸ್ಸಿಗೆ ಇನ್ನೊಂದು 800, ಬಟ್ಟೆಗೆ ಎರಡು ಸಲ ಸೇರಿ 4,400. ಬಸ್ಸಿನಲ್ಲಿ ಹೋಗಲು ಮುಕ್ಕಾಲು ಗಂಟೆ, ಬರಲು ಅಷ್ಟೇ, ಹೆದ್ದಾರಿ ಕೆಲಸ ಇದ್ದರೆ ದೇವರೇ ಗತಿ. ಆದರೂ ನಾನು ಬಿಡದೆ ಹೋಗುತ್ತಿರುವುದು ಇದಕ್ಕೇ. ಕರಾಟೆಗೆ ಐದು ನಿಮಿಷದ ದಾರಿ, ಮಳೆ ಬಂದರೆ ರಜೆ ಹಾಕುತ್ತಿದ್ದೆ. ಜೂಡೋದಲ್ಲಿ ನಾನು ಹೋಗದಿದ್ದರೆ ಆ ಕಾಲೇಜು ಹುಡುಗನಿಗೆ ಎಸೆಯಲು ಜನ ಇಲ್ಲ, ಆರು ಗಂಟೆಗೆ ಫೋನು ಬರುತ್ತದೆ: "ಅಣ್ಣ, ಎಲ್ಲಿ ಮುಟ್ಟಿದಿರಿ?"

ಅಕ್ಕನ ಮಗನಿಗೆ ಎಂಟು ವರ್ಷ. ಅವನನ್ನು ಯಾವುದಕ್ಕೆ ಹಾಕುವುದು ಅಂತ ಅಕ್ಕ ಮೊನ್ನೆ ಕೇಳಿದಳು. ಅವರ ಮನೆ ಇರುವುದು ಪೆರ್ಲದಲ್ಲಿ, ರಾತ್ರಿ ಎಂಟಕ್ಕೆ ಕಾಸರಗೋಡಿನಿಂದ ಮಗುವನ್ನು ಬಸ್ಸಿನಲ್ಲಿ ತರುವುದು ಆಗುವ ಮಾತಲ್ಲ. ಕರಾಟೆಗೇ ಹಾಕು ಅಂದೆ. ಫೀಸು ತಿಂಗಳು ತಿಂಗಳು ಕಟ್ಟು, ರಸೀದಿಯ ಹಿಂಬದಿ ಓದು. ಪೂರ್ತಿ ಬಟ್ಟೆ ತೆಗೆಯಬೇಡ, ಕೋಟು ಮಾತ್ರ ತೆಗೆ; ನನ್ನ ಹರಿದ ಕೋಟನ್ನು ಅಮ್ಮ ಆಗಲೇ ಮಸಿಬಟ್ಟೆ ಮಾಡಿದ್ದಾರೆ, ಪ್ಯಾಂಟು ಇನ್ನೂ ಚೆನ್ನಾಗಿದೆ, ಕತ್ತರಿಸಿ ಹೊಲಿಸಿದರೆ ಅವನಿಗೆ ಎರಡು ಆಗುತ್ತದೆ.