ಪಿಲಾಟೆಸ್ ರಿಫಾರ್ಮರ್: ತರಬೇತುದಾರನೇ ರೂಪಿಸಿದ ಯಂತ್ರ

ಪಿಲಾಟೆಸ್ ಎಂಬ ವ್ಯಾಯಾಮ ಪದ್ಧತಿಯಲ್ಲಿ ಬಳಸುವ ರಿಫಾರ್ಮರ್ ನೋಡುವುದಕ್ಕೆ ಸರಳವಾದ ಯಂತ್ರ. ಉದ್ದನೆಯ ಚೌಕಟ್ಟು, ಅದರೊಳಗೆ ಗಾಲಿಗಳ ಮೇಲೆ ಹಿಂದೆ ಮುಂದೆ ಜಾರುವ ಹಾಸು, ಭುಜಗಳಿಗೆ ಆಸರೆ, ಪಾದ ಊರಲು ಅಡ್ಡಪಟ್ಟಿ, ಕೈಕಾಲು ತೂರಿಸಲು ಹಗ್ಗದ ಕುಣಿಕೆಗಳು. ಇದರ ಜೀವಾಳವಿರುವುದು ಹಾಸಿನ ಅಡಿಯ ಸ್ಪ್ರಿಂಗುಗಳಲ್ಲಿ. ಪಾದಗಳಿಂದ ಅಡ್ಡಪಟ್ಟಿಯನ್ನು ಒತ್ತಿದಾಗ ಹಾಸು ದೂರ ಸರಿಯುತ್ತದೆ, ಸ್ಪ್ರಿಂಗ್ ಹಿಗ್ಗಿದಷ್ಟೂ ಎಳೆತ ಬಲವಾಗುತ್ತದೆ. ಆದರೆ ನಿಜವಾದ ಪರೀಕ್ಷೆ ಹಿಂದಿರುಗುವಾಗ. ಮೈಯನ್ನು ಸಡಿಲ ಬಿಟ್ಟರೆ ಹಾಸು ಧಡ್ಡನೆ ಬಂದು ಬಡಿಯುತ್ತದೆ. ಅದನ್ನು ಸದ್ದಿಲ್ಲದೆ ತರಬೇಕಾದರೆ ಹೊಟ್ಟೆ, ಸೊಂಟ, ತೊಡೆಯ ಸ್ನಾಯುಗಳು ಕೊನೆಯ ಅಂಗುಲದವರೆಗೂ ದುಡಿಯಬೇಕು.

ಇಂಥ ಯಂತ್ರ ಹೊಳೆದದ್ದು ಬರಿಯ ತಂತ್ರಜ್ಞನಿಗಲ್ಲ, ದಿನವೂ ಜನರ ಮೈ ತಿದ್ದುತ್ತಿದ್ದ ತರಬೇತುದಾರನಿಗೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಜೋಸೆಫ್ ಪಿಲಾಟೆಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಉಬ್ಬಸ ಅವರನ್ನು ಕಾಡಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಅವರನ್ನು ಶತ್ರುದೇಶದವರೆಂದು ಮ್ಯಾನ್ ದ್ವೀಪದ ಶಿಬಿರದಲ್ಲಿ ಇರಿಸಿತ್ತು. ಹಾಸಿಗೆ ಹಿಡಿದವರೂ ವ್ಯಾಯಾಮ ಮಾಡಲೆಂದು ಅಲ್ಲಿ ಮಂಚಕ್ಕೆ ಸ್ಪ್ರಿಂಗ್ ಕಟ್ಟಿದರೆಂಬ ಕಥೆ ಪಿಲಾಟೆಸ್ ಶಾಲೆಗಳಲ್ಲಿ ಇಂದಿಗೂ ಪ್ರಚಲಿತವಾಗಿದೆ. 1926ರಲ್ಲಿ ಅಮೆರಿಕಕ್ಕೆ ಹೋದ ಅವರು ಸಂಗಾತಿ ಕ್ಲಾರಾ ಜೊತೆ ನ್ಯೂಯಾರ್ಕ್‌ನ ಎಂಟನೇ ಅವೆನ್ಯೂದಲ್ಲಿ ನಡೆಸಿದ ಸ್ಟುಡಿಯೊಗೆ ಪೆಟ್ಟಾದ ನರ್ತಕರು ಚೇತರಿಕೆಗಾಗಿ ಬರುತ್ತಿದ್ದರು. ಇಂದು ತಮ್ಮ ಹೆಸರಿನಿಂದಲೇ ಪರಿಚಿತವಾಗಿರುವ ಪದ್ಧತಿಯನ್ನು ಪಿಲಾಟೆಸ್ ಕಂಟ್ರಾಲಜಿ ಎಂದು ಕರೆದರು. 1967ರಲ್ಲಿ ತೀರಿಕೊಳ್ಳುವವರೆಗೂ ಕಲಿಸುವುದು, ಉಪಕರಣ ರೂಪಿಸುವುದು ಎರಡೂ ಅವರಿಗೆ ಒಂದೇ ಕೆಲಸವಾಗಿತ್ತು. ಮನೆಯ ಕುರ್ಚಿಯಾಗಿಯೂ ಮಾರ್ಪಡುವ ವುಂಡಾ ಚೇರ್ ಎಂಬ ವ್ಯಾಯಾಮ ಸಾಧನ ಕೂಡ ಅವರದೇ ಕಲ್ಪನೆ.

ಸ್ಪ್ರಿಂಗ್ ಕಡಿಮೆ ಮಾಡಿದರೆ ವ್ಯಾಯಾಮ ಸುಲಭವಾಗುತ್ತದೆಂದು ಹೊಸಬರು ಭಾವಿಸುವುದು ಸಹಜ. ಕಾಲು ಒತ್ತುವ ವ್ಯಾಯಾಮಗಳಲ್ಲಿ ಅದು ನಿಜ. ಆದರೆ ಕೈಗಳನ್ನು ಅಡ್ಡಪಟ್ಟಿಯ ಮೇಲೂ ಪಾದಗಳನ್ನು ಹಾಸಿನ ಮೇಲೂ ಇಟ್ಟು ಹಲಗೆಯಂತೆ ನಿಂತಾಗ, ಹಗುರವಾದ ಸ್ಪ್ರಿಂಗ್ ಆಸರೆಯನ್ನೇ ಕಿತ್ತುಕೊಳ್ಳುವುದರಿಂದ ಕಷ್ಟ ಹೆಚ್ಚುತ್ತದೆ. ಒಂದೇ ಯಂತ್ರ ಬೆನ್ನುನೋವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೂ ಪಳಗಿದ ನರ್ತಕರಿಗೂ ಒಗ್ಗುವುದು ಈ ಗುಣದಿಂದಲೇ.

ಕೊರತೆಗಳೂ ಇವೆ. ಇದು ಒಬ್ಬರು ಉದ್ದಕ್ಕೆ ಮಲಗಿ ಜಾರುವಷ್ಟು ಜಾಗ ಬೇಡುತ್ತದೆ, ಬೆಲೆಯೂ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಸೊಂಟ ಎಲ್ಲಿ ವಾಲುತ್ತಿದೆ, ಭುಜ ಎಲ್ಲಿ ಬಿಗಿಯುತ್ತಿದೆ ಎಂಬುದನ್ನು ಯಂತ್ರ ಹೇಳುವುದಿಲ್ಲ. ಆದ್ದರಿಂದ ಮನೆಗೆ ಕೊಳ್ಳುವ ಮುನ್ನ ಅನುಭವಿ ಶಿಕ್ಷಕರ ಬಳಿ ಕೆಲವು ತಿಂಗಳು ಕಲಿಯುವುದು ಲೇಸು. ಬಳಸಿದ ಯಂತ್ರವನ್ನು ಕೊಳ್ಳುವವರು ಬಣ್ಣ, ಹೊದಿಕೆಗಳಿಗಿಂತ ಮೊದಲು ಸ್ಪ್ರಿಂಗುಗಳನ್ನು ಪರೀಕ್ಷಿಸಲಿ. ಸುರುಳಿಗಳ ನಡುವೆ ಸಂದು ಬಿಟ್ಟಿದ್ದರೆ ಅವುಗಳನ್ನು ಬದಲಿಸದೆ ಬಳಸಲೇಬಾರದು.