8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್: ಗೆಲಾಕ್ಸಿ ನೋಡ್ಲಿಕ್ಕೆ ಆಗ್ತದಾ?

ಈ ಡಾಬ್ಸೋನಿಯನ್, ಅಂದ್ರೆ ಸರಳ ತಿರುಗುವ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್, ತಗೊಂಡು ಒಂದು ವರ್ಷ ಆಯ್ತು ಮಾರಾಯ್ರೆ, 203 ಮಿಮೀ ಕನ್ನಡಿ, 1200 ಮಿಮೀ ಫೋಕಲ್ ಲೆಂತ್, 25 ಮಿಮೀ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಹಾಕಿದ್ರೆ 48 ಪಟ್ಟು ದೊಡ್ಡದಾಗಿ ಕಾಣ್ತದೆ. ಚಂದ್ರ, ಶನಿಗೆ ಮಾತೇ ಇಲ್ಲ, ಸೂಪರ್.

ಗೆಲಾಕ್ಸಿ ಬೇಕಾದ್ರೆ ಮಾತ್ರ ಒಂದು ವಿಷಯ ತಿಳ್ಕೊಳ್ಳಿ. ಎಂ33, ಎಂ32 ಅಂತ ಎರಡು ಗೆಲಾಕ್ಸಿ ಉಂಟು. ಪಟ್ಟಿಯಲ್ಲಿ ಎಂ33ಗೆ ಮ್ಯಾಗ್ನಿಟ್ಯೂಡ್ (ಬೆಳಕಿನ ಅಳತೆ) 5.7 ಅಂತ ಉಂಟು, ಎಂ32ಗೆ ಸುಮಾರು 8, ಅಂಕಿ ಕಮ್ಮಿ ಇದ್ದಷ್ಟು ಬೆಳಕು ಜಾಸ್ತಿ, ಹಾಗಾದ್ರೆ ಎಂ33 ಸಲೀಸಾಗಿ ಕಾಣ್ಬೇಕಲ್ವಾ? ಮಂಗಳೂರಿನ ಕದ್ರಿಯ ನಮ್ಮ ಟೆರೇಸಿಂದ ಉಲ್ಟಾ! ಎಂ32 ಪುಟ್ಟ ಹತ್ತಿ ಉಂಡೆ ಹಾಗೆ ಕಾಣ್ತದೆ, ಎಂ33 ಇಲ್ಲವೇ ಇಲ್ಲ. ಯಾಕಂದ್ರೆ ಆ ಅಂಕಿ ಒಟ್ಟು ಬೆಳಕಿನದ್ದು, ಎಂ33 ಅದನ್ನೆಲ್ಲ ಹುಣ್ಣಿಮೆ ಚಂದ್ರನಿಗಿಂತ ದೊಡ್ಡ ಜಾಗದಲ್ಲಿ ಹರಡಿಬಿಟ್ಟಿದೆ, ದೋಸೆ ಹಿಟ್ಟನ್ನು ತೆಳ್ಳಗೆ ಎಳೆದ ಹಾಗೆ. ನಾವು ನೋಡ್ಬೇಕಾದ್ದು ಸರ್ಫೇಸ್ ಬ್ರೈಟ್‌ನೆಸ್, ಅಂದ್ರೆ ಆಕಾಶದ ಒಂದು ಚದರ ಆರ್ಕ್‌ಸೆಕೆಂಡಿಗೆ (ಒಂದು ತೀರಾ ಪುಟ್ಟ ಚೌಕಕ್ಕೆ) ಎಷ್ಟು ಬೆಳಕು ಅಂತ.

ಅಂಡ್ರೊಮಿಡಾ ಗೆಲಾಕ್ಸಿಯಲ್ಲೂ ಟೆರೇಸಿಂದ ಕಂಡದ್ದು ನಡುವಿನ ಉಬ್ಬು ಮಾತ್ರ. ಉಬ್ಬಿನ ಸುತ್ತಲಿನ ಡಿಸ್ಕಿನ ಬೆಳಕು ಹೊರಗೆ ಹೋದ ಹಾಗೆ ಎಕ್ಸ್‌ಪೊನೆನ್ಷಿಯಲ್ ಆಗಿ, ಅಂದ್ರೆ ಸಮ ದೂರಕ್ಕೊಮ್ಮೆ ಅದೇ ಪಾಲಿನಷ್ಟು, ಇಳೀತದೆ. ನಡು ದಾಟಿದ ಮೇಲೆ ಊರಿನ ಲೈಟೇ ಗೆಲ್ತದೆ.

ಡಿಸೆಂಬರಲ್ಲಿ ಕಾರ್ಕಳ ದಾಟಿ ಕತ್ತಲೆ ಜಾಗಕ್ಕೆ ಒಯ್ದೆವು, ಅದೇ ಟೆಲಿಸ್ಕೋಪಲ್ಲಿ ಎಂ33 ಬೂದಿ ಕಲೆ ಹಾಗೆ ಮೆಲ್ಲ ಮೂಡಿತು, ನನಗೆ ಮಾತೇ ಹೊರಡ್ಲಿಲ್ಲ. ಐಪೀಸಿಗೆ ಇಬ್ಬನಿ ಕೂರ್ತದೆ, ಒಣ ಬಟ್ಟೆ ತಗೊಂಡು ಹೋಗಿ. ಟೆಲಿಸ್ಕೋಪ್ ಖಂಡಿತ ತಗೊಳ್ಳಿ, ಆದ್ರೆ ಕಾರಲ್ಲಿ ಹಿಡಿಸ್ತದಾ ಅಂತ ಮೊದ್ಲು ಅಳತೆ ನೋಡಿ.